ಇಜಿಮೆ

ಜಪಾನೀ ಭಾಷೆಯಲ್ಲಿ ‘ಇಜಿಮೆರು’ ಎಂದರೆ ಪೀಡಿಸು, ಗೋಳುಹೊಯ್ದುಕೊಳ್ಳು. ಅದರಿಂದಾದ ನಾಮಪದ ‘ಇಜಿಮೆ’. ಹೊಡೆತ, ಬೈಗುಳವಷ್ಟೇ ಅಲ್ಲ, ಇಡೀ ತರಗತಿ ಒಂದಾಗಿ ಒಬ್ಬರನ್ನು ಮಾತಾಡಿಸದೆ ಬಿಡುವುದೂ ಇಜಿಮೆಯೇ. 1986ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ಕೊಟ್ಟ ವ್ಯಾಖ್ಯೆಯಲ್ಲಿ, ಶಾಲೆ ಖಚಿತಪಡಿಸಿಕೊಂಡ ಪ್ರಕರಣವಷ್ಟೇ ಇಜಿಮೆ. ಶಾಲೆ ಕಣ್ಣುಮುಚ್ಚಿದರೆ ಮಗುವಿನ ನೋವು ಲೆಕ್ಕಕ್ಕೇ ಇಲ್ಲ! 1994ರಲ್ಲಿ ಆ ಷರತ್ತು ಹೋಯಿತು. ಓತ್ಸು ನಗರದಲ್ಲಿ 2011ರಲ್ಲಿ ಇಜಿಮೆಗೆ ಗುರಿಯಾದ ಬಾಲಕನೊಬ್ಬ ಜೀವ ಕಳೆದುಕೊಂಡ ಮೇಲೆ, 2013ರಲ್ಲಿ ಕಾನೂನೇ ಬಂತು. ಈಗ ಬೇರೆ ವಿದ್ಯಾರ್ಥಿಗಳ ವರ್ತನೆಯಿಂದ ಮಗುವಿಗೆ ನೋವಾದರೆ, ಅದು ಇಂಟರ್ನೆಟ್‌ನಲ್ಲಿ ನಡೆದಿದ್ದರೂ, ಇಜಿಮೆ. ಮಗುವಿನ ಜೀವಕ್ಕೆ ಹಾನಿಯಾದ ಶಂಕೆಯಿದ್ದರೆ ಸಾಕು, ತನಿಖೆ ಕಡ್ಡಾಯ. ‘ಮಕ್ಕಳಾಟ, ಬಿಡಿ’ ಎನ್ನುವ ನಮ್ಮ ಶಿಕ್ಷಕರು ಈ ವ್ಯಾಖ್ಯೆಯನ್ನೊಮ್ಮೆ ಓದಬೇಕು.