ಕ್ನೇಡಲ್ ಎನ್ನಿ, ಬಾಲ್ ಬೇಡ

ನ್ಯೂಜೆರ್ಸಿಯಲ್ಲಿರುವ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ ಪಕ್ಕದ ಮನೆಯ ಯಹೂದಿ ಅಜ್ಜಿ, ಉಳಿದ ಟರ್ಕಿ ಕೋಳಿಯ ಮೂಳೆಗೂಡನ್ನು ಬಿಸಾಡಲು ಬಿಡದೆ, ಅದರಿಂದಲೇ ಸಾರು ಮಾಡಿ ಉಂಡೆ ಹಾಕುವುದನ್ನು ಹೇಳಿಕೊಟ್ಟರಂತೆ. ‘ಮಾತ್ಸೊ ಬಾಲ್ ಸೂಪ್ ಎಲ್ಲರಿಗೂ ಹಿಡಿಸಿತು, ಬಾಲ್ ಮಾತ್ರ ಸ್ವಲ್ಪ ಗಟ್ಟಿಯಾಯಿತು’ ಎಂದಿದ್ದಾರೆ. ಗಟ್ಟಿಯಾದದ್ದಕ್ಕೆ ಪರಿಹಾರವಿದೆ, ಮುಂದೆ ಹೇಳುತ್ತೇನೆ. ನನ್ನ ತಕರಾರು ಆ ‘ಬಾಲ್’ ಬಗ್ಗೆ. ನಮ್ಮ ಹೋಟೆಲುಗಳ ಪಟ್ಟಿಯಲ್ಲೂ ಮುದ್ದೆ ‘ರಾಗಿ ಬಾಲ್’ ಆಗಿ ಕೂತಿದೆ. ದುಂಡಗಿರುವುದೆಲ್ಲ ಬಾಲ್ ಆಗಿಬಿಟ್ಟರೆ ಅದನ್ನು ಯಾತರಿಂದ ಕಟ್ಟಿದರು, ಯಾರು ಕಟ್ಟಿದರು ಎನ್ನುವುದೆಲ್ಲ ಮಾತಿನಿಂದ ಅಳಿಸಿಹೋಗುತ್ತದೆ.

ಆ ಉಂಡೆಗೆ ಯಿಡ್ಡಿಶ್‌ನಲ್ಲಿ ಕ್ನೇಡಲ್ ಎಂದು ಹೆಸರು. ಬಹುವಚನ ಕ್ನೇಡ್ಲೆಖ್. ಯಿಡ್ಡಿಶ್ ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾಗಿತ್ತು. ಜರ್ಮನ್ನಿನ ಕ್ನ್ಯೋಡೆಲ್ ಜೊತೆ ಆ ಹೆಸರಿನ ನಂಟು ಯಾರಿಗಾದರೂ ಕಾಣುವಂಥದು, ಬಿಡಿಸಿ ಹೇಳಬೇಕಾಗಿಲ್ಲ. ನಾನು ಬಹಳ ದಿನದಿಂದ ಹಿಡಿದುಕೊಂಡಿರುವ ವಾದ ಬೇರೆ: ಹಬ್ಬದ ಅಡುಗೆಯ ಹೆಸರು ಗಡಿ ದಾಟಿದ ಕೂಡಲೇ ಬದಲಾಗುತ್ತದೆ, ಮಿಕ್ಕಿದ್ದರಲ್ಲಿ ಮಾಡಿದ ಅಡುಗೆಯ ಹೆಸರು ಹಾಗೇ ಉಳಿಯುತ್ತದೆ.

ಥ್ಯಾಂಕ್ಸ್‌ಗಿವಿಂಗ್ ಊಟದ ಆ ಹಕ್ಕಿಯನ್ನೇ ನೋಡಿ. ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಇಂಗ್ಲಿಷರು ಅದಕ್ಕೆ ಟರ್ಕಿಯ ಹೆಸರಿಟ್ಟರು. ಟರ್ಕಿಯವರು ‘ಹಿಂದಿ’ ಎಂದು ಕರೆದರು. ಫ್ರೆಂಚರ ದ್ಯಾಂಡ್, ಯಿಡ್ಡಿಶ್‌ನ ಇಂಡಿಕ್, ಹೀಬ್ರೂವಿನ ತರ್ನೆಗೋಲ್ ಹೋದು, ಮೂರೂ ಅದನ್ನು ಇಂಡಿಯಾದ ಹಕ್ಕಿಯೆಂದೇ ಹೇಳುತ್ತವೆ. ಡಚ್ಚರು ಇನ್ನೂ ನಮ್ಮ ಹತ್ತಿರಕ್ಕೆ ಬಂದು ಕಲ್ಲಿಕೋಟೆಯ ಹೆಸರಿನಿಂದ ಕಾಲ್ಕೂನ್ ಎಂದರು. ಆ ಇಂಡಿಯಾದಲ್ಲಿರುವ ನಾವು ಟರ್ಕಿ ಕೋಳಿ ಎನ್ನುತ್ತೇವೆ!

ಉಂಡೆಗೆ ಈ ಪಾಡಿಲ್ಲ. ಬವೇರಿಯಾದಲ್ಲಿ ಕ್ನ್ಯೋಡೆಲ್, ಚೆಕ್ಕರಲ್ಲಿ ಕ್ನೆಡ್ಲೀಕ್, ಹಂಗೇರಿಯಲ್ಲಿ ಕ್ನೇಡ್ಲಿ, ಕ್ರೊವೇಷಿಯಾದಲ್ಲಿ ಕ್ನೆಡ್ಲೆ, ಇಟಲಿಯ ಉತ್ತರದ ಬೆಟ್ಟಸೀಮೆಯಲ್ಲಿ ಕನೆಡೆರ್ಲಿ. ಕನೆಡೆರ್ಲಿ ಮಾಡುವುದು ಒಣಗಿ ಗಟ್ಟಿಯಾದ ಬ್ರೆಡ್ಡಿನಿಂದ. ಹಬ್ಬದೂಟಕ್ಕೆ ಹೆಸರಿಡಲು ವ್ಯಾಪಾರಿಗಳಿದ್ದರು, ದೊರೆಗಳಿದ್ದರು. ಒಣ ಚೂರು ಕಲಸಿ ಉಂಡೆ ಕಟ್ಟಿದವಳು ತಾಯಿಯ ಬಾಯಲ್ಲಿ ಕೇಳಿದ್ದನ್ನೇ ಹೇಳಿದಳು. ಪಂಡಿತರು ಒಪ್ಪದಿದ್ದರೂ ನಾನು ಇದನ್ನು ಬಿಡುವವನಲ್ಲ.

ಕಿವಿಯಿಂದ ಕಿವಿಗೆ ಬಂದ ಮಾತಾದ್ದರಿಂದ ಇಂಗ್ಲಿಷಿನಲ್ಲಿ ಅದರ ಕಾಗುಣಿತ ಒಂದು ಕಡೆ ನಿಂತಿಲ್ಲ. 2013ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಗೆದ್ದವನು ನ್ಯೂಯಾರ್ಕಿನ 13 ವರ್ಷದ, ಭಾರತೀಯ ಮೂಲದ ಹುಡುಗ ಅರವಿಂದ್ ಮಹಂಕಾಳಿ. ಹಿಂದಿನ ಎರಡು ವರ್ಷವೂ ಜರ್ಮನ್ ಮೂಲದ ಪದಗಳಲ್ಲಿ ಎಡವಿ ಮೂರನೆಯವನಾಗಿದ್ದ. ಈ ಸಲ ಗೆಲ್ಲಿಸಿದ್ದು ಕ್ನೇಡಲ್. ಕೆ, ಎನ್, ಎ, ಐ, ಡಿ, ಇ, ಎಲ್ ಎಂದ. ವೆಬ್‌ಸ್ಟರ್ ನಿಘಂಟಿನಲ್ಲಿರುವುದೂ ಹಾಗೆಯೇ. ಆದರೆ ಯಿಡ್ಡಿಶ್ ಅಧ್ಯಯನದ ಯಿವೊ ಸಂಸ್ಥೆಯ ಕ್ರಮದಲ್ಲಿ ಅದು ಕೆ, ಎನ್, ಇ, ವೈ, ಡಿ, ಎಲ್. ಚರ್ಚೆ ಪತ್ರಿಕೆಗಳವರೆಗೂ ಹೋಯಿತು. ಒಂದು ಉಂಡೆಯ ಹೆಸರಿಗಾಗಿ ಇಷ್ಟು ಜನ ಕಾಳಜಿಯಿಂದ ಜಗಳವಾಡಿದ್ದು ನನಗೆ ತುಂಬ ಹಿಡಿಸಿತು.

ಉಂಡೆ ಕಟ್ಟಿದ ಆ ಮನೆಗಳ ಬಡತನದ ಬಗ್ಗೆ ಯಿಡ್ಡಿಶ್ ಗಾದೆಯೊಂದಿದೆ: ಬಡವ ಕೋಳಿ ತಿಂದನೆಂದರೆ ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆ; ಅವನಿಗೆ, ಇಲ್ಲವೇ ಕೋಳಿಗೆ. ಇಡೀ ಒಂದು ಸೀಮೆಯ ಬದುಕು ಇದರಲ್ಲಿದೆ. ಮೊಟ್ಟೆಯಿಡುವ ಕೋಳಿಯನ್ನು ಯಾರೂ ಸುಮ್ಮನೆ ಕೊಯ್ಯುವುದಿಲ್ಲ. ಮನೆಯಲ್ಲಿ ಯಾರಾದರೂ ಮಲಗಿದ್ದರೆ ಸಾರಿಗೆಂದು ಕೊಯ್ಯಬೇಕು, ಇಲ್ಲವೇ ಕೋಳಿಯೇ ಜೋಲು ಬಿದ್ದಿರಬೇಕು. ಎರಡನೆಯದಾದರೆ ಇನ್ನೊಂದು ಭಯ. ಹೊಟ್ಟೆ ಸೀಳಿದಾಗ ಒಳಗೆ ದೋಷ ಕಂಡರೆ, ಕಲ್ಲೀರಲಿಯಲ್ಲಿ ಸೂಜಿ ಸಿಕ್ಕಿದರೆ, ಹೆಂಗಸು ಕೋಳಿಯನ್ನು ಸೆರಗಿನಲ್ಲಿ ಹಿಡಿದು ರಬ್ಬಿಯ ಮನೆಗೆ ಓಡಬೇಕು. ಅವರು ‘ಟ್ರೇಫ್’ ಎಂದರೆ ತಿನ್ನುವಂತಿಲ್ಲ, ಆ ವಾರದ ಸಬ್ಬತ್ ಊಟ ಮುಗಿದಂತೆ. ‘ಕೋಷರ್’ ಎಂದರೆ ಅದರಲ್ಲಿ ಒಂದು ಚೂರೂ ಹಾಳಾಗಬಾರದು. ಕಾಲು ಸಾರಿಗೆ, ಕುತ್ತಿಗೆಯ ಚರ್ಮ ಹೂರಣ ತುಂಬಿ ಹೊಲಿಯುವುದಕ್ಕೆ, ಜಿಡ್ಡು ಕಾಯಿಸಿ ಭರಣಿಗೆ. ಒಂದೇ ಕೋಳಿ ಎಂಟು ತಟ್ಟೆಗೆ ಸಾಲುವಂತೆ ಮಾಡುತ್ತಿದ್ದುದು ಆ ಜಿಡ್ಡಿನಲ್ಲಿ ಕಲಸಿದ ಕ್ನೇಡ್ಲೆಖ್.

ಅದರ ಹಿಟ್ಟು ಮಾತ್ಸೊ ಪುಡಿ. ಪಾಸೋವರ್ ಹಬ್ಬದಲ್ಲಿ ಹುಳಿ ಬಂದ ಹಿಟ್ಟು ನಿಷಿದ್ಧ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿದ ತೆಳು ರೊಟ್ಟಿಯೇ ಮಾತ್ಸೊ. ಹಸೀದಿಯರೆಂಬ ಸಂಪ್ರದಾಯಸ್ಥ ಯಹೂದಿಗಳಲ್ಲಿ ಅನೇಕರು ಹಬ್ಬದಲ್ಲಿ ಅದಕ್ಕೆ ನೀರು ತಾಕಿಸುವುದೇ ಇಲ್ಲ. ಕೊನೆಯ ಎಂಟನೆಯ ದಿನ ಮಾತ್ರ ಕ್ನೇಡ್ಲೆಖ್ ತಿನ್ನುತ್ತಾರೆ. ವಸಂತದ ಈ ಅಡುಗೆ ನವೆಂಬರ್‌ನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ನ ಟರ್ಕಿಯ ಜೊತೆ ಸೇರಿದ್ದು ಅಮೆರಿಕದಲ್ಲಿ. ಅಲ್ಲಿ ಮಾತ್ಸೊ ಪುಡಿ ವರ್ಷವಿಡೀ ಡಬ್ಬಿಯಲ್ಲಿ ಸಿಗುತ್ತದೆ.

ಈಗ ಕಾಗದ ಬರೆದವರಿಗೆ. ಮೂಳೆಗೂಡಿಗೆ ಮುಳುಗುವಷ್ಟು ತಣ್ಣೀರು ಹಾಕಿ, ಈರುಳ್ಳಿ, ಕ್ಯಾರೆಟ್, ಸೆಲರಿಯೊಂದಿಗೆ ಸಣ್ಣ ಉರಿಯಲ್ಲಿ ಮೂರು ಗಂಟೆ ಇಡಿ. ಟರ್ಕಿ ಒಣ ಮಾಂಸದ ಹಕ್ಕಿ, ಸಾರಿನ ಮೇಲೆ ತೇಲುವ ಜಿಡ್ಡು ಸಾಲದು. ಕೋಳಿಯ ಜಿಡ್ಡನ್ನೋ ಎಣ್ಣೆಯನ್ನೋ ಸೇರಿಸಿಕೊಳ್ಳಿ. ಬೆಣ್ಣೆ ಮಾತ್ರ ಬೇಡ, ಮಾಂಸದೊಂದಿಗೆ ಹಾಲಿನದು ಕೂಡಿದರೆ ಕೋಷರ್ ಆಗುವುದಿಲ್ಲ. ಒಂದು ಕಪ್ ಪುಡಿಗೆ 4 ಮೊಟ್ಟೆ, ಕಾಲು ಕಪ್ ಜಿಡ್ಡು, ಕಾಲು ಕಪ್ ಸಾರು, ಉಪ್ಪು. ಕಲಸಿ ಫ್ರಿಜ್ಜಿನಲ್ಲಿ ಅರ್ಧ ಗಂಟೆಯಾದರೂ ಇಡಬೇಕು, ಪುಡಿ ನೀರು ಕುಡಿಯುವುದು ಆಗಲೇ. ಕೈ ಒದ್ದೆ ಮಾಡಿಕೊಂಡು ಹಗುರವಾಗಿ ಉಂಡೆ ಕಟ್ಟಿ, ಅಮುಕಿದರೆ ಕಲ್ಲಾಗುತ್ತದೆ. ಕುದಿಯುವ ಉಪ್ಪುನೀರಿಗೆ ಬಿಟ್ಟು ಮುಚ್ಚಳ ಮುಚ್ಚಿ, ಅರ್ಧ ಗಂಟೆ ತೆರೆಯಬೇಡಿ. ಸಾರಿಗೆ ಹಾಕುವುದು ಬೆಂದ ಮೇಲೆ. ಗಟ್ಟಿ ಉಂಡೆಯೇ ಬೇಕೆನ್ನುವ ಮನೆಗಳೂ ಬೇಕಾದಷ್ಟಿವೆ, ಆದ್ದರಿಂದ ಬೇಸರ ಬೇಡ.

ಉಳಿದ ಓದುಗರಲ್ಲಿ ಒಂದು ಕೇಳಿಕೆ. ಧಾರವಾಡದ ಕಡೆ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರದೊಂದಿಗೆ ಜಜ್ಜಿ ಕಟ್ಟಿದ್ದಕ್ಕೆ ಮುಟಗಿ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಮತ್ತೆ ಅಡುಗೆ ಮಾಡಿದಾಗ ಅದಕ್ಕೆ ಏನೆನ್ನುತ್ತೀರಿ? ಹೆಸರು, ಮಾಡುವ ಬಗೆ, ಊರು, ತಾಲ್ಲೂಕು ಬರೆದು ಕಳಿಸಿ.