ಹಳೆಯ ಮೋಟಾರು, ಹಳೆಯ ಸರಹದ್ದು

ಹಳೆಯ ಮೋಟಾರು ಎಂದ ಕೂಡಲೇ ನಮ್ಮ ಭಾಗದವರ ಬಾಯಿಂದ ಬರುವ ಮಾತು ಒಂದೇ: "ಅದು ನಿಜಾಮರ ಗಾಡಿ." ಬಶೀರಾಬಾದಿನ ಕಡೆಯಾಗಲಿ, ಜಹೀರಾಬಾದ್, ನಾರಾಯಣಖೇಡದ ಕಡೆಯಾಗಲಿ, ಯಾವುದಾದರೂ ವಾಡೆಯ ಹಿಂದೆ ಬೇವಿನ ಗಿಡದ ಬುಡದಲ್ಲಿ ಜಂಗು ಹಿಡಿದು ನಿಂತ ಗಾಡಿ ಕಂಡರೆ ಸಾಕು, ಅದಕ್ಕೊಂದು ನಿಜಾಮರ ಕಥೆ ಅಂಟಿಕೊಂಡಿರುತ್ತದೆ. ಆದರೆ ನಿಜಾಮರ ಗಾಡಿಗಳು ಯಾವುವು ಎಂಬುದು ಗುಟ್ಟಿನ ಸಂಗತಿಯಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಸಿಂಹಾಸನದಂಥ ಆಸನವಿಟ್ಟು ಮಾಡಿಸಿದ ರೋಲ್ಸ್ ರಾಯ್ಸ್ ಜಗತ್ಪ್ರಸಿದ್ಧ. 1911ರಲ್ಲಿ ಅವರು ತೀರಿಕೊಂಡ ಮೇಲೆ ಅದು ಹೈದರಾಬಾದಿಗೆ ಬಂತು. ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಂನಲ್ಲಿ 1930ರ ಇನ್ನೊಂದು ರೋಲ್ಸ್ ರಾಯ್ಸ್, ಒಂದು ಪ್ಯಾಕರ್ಡ್, ಒಂದು ಜಾಗ್ವಾರ್ ಇವೆ. ಅವುಗಳಿಗೆ ಕಾವಲಿದೆ, ಒರೆಸುವವರಿದ್ದಾರೆ. ನಮ್ಮ ಬೇವಿನ ಗಿಡದ ಕೆಳಗಿನ ಗಾಡಿಗೆ ಗುಜರಿಯವನ ತಕ್ಕಡಿಯೊಂದೇ ಗತಿ. ಅದರ ಪರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ವಾಡಿಯಿಂದ ತಾಂಡೂರಿನ ಮೇಲೆ ಸಿಕಂದರಾಬಾದಿಗೆ 1874ರಲ್ಲೇ ರೈಲು ಬಂತು. ಮೋಟಾರು ಜನಸಾಮಾನ್ಯರ ಕಣ್ಣಿಗೆ ಬೀಳುವುದಕ್ಕೆ ಮತ್ತೆ ಅರ್ಧ ಶತಮಾನ ಹಿಡಿಯಿತು. 1932ರ ಜೂನಿನಲ್ಲಿ ನಿಜಾಮ ಸರ್ಕಾರದ ರೈಲ್ವೆ ಇಲಾಖೆಯೇ 27 ಬಸ್ಸುಗಳನ್ನು ರಸ್ತೆಗಿಳಿಸಿತು. ಅವು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಸರ್ಕಾರಿ ಬಸ್ಸಿನ ನಂಬರಿನಲ್ಲಿ ಇಂದಿಗೂ ಕಾಣುವ "ಝಡ್" ಅಕ್ಷರ ಏಳನೆಯ ನಿಜಾಮರ ತಾಯಿ ಜೆಹ್ರಾ ಬೇಗಮರ ನೆನಪಿನದು ಎಂದು ಹಿರಿಯರು ಹೇಳುತ್ತಾರೆ. 1942ರಲ್ಲಿ ಶುರುವಾದ ಹೈದರಾಬಾದಿನ ಆಲ್ವಿನ್ ಕಾರ್ಖಾನೆ ಬಸ್ಸುಗಳಿಗೆ ಮೈ ಕಟ್ಟುವ ಕೆಲಸ ಮಾಡಿತು. ಅದೇ ಆಲ್ವಿನ್ 1980ರ ದಶಕದಲ್ಲಿ ನಿಸಾನ್ ಕಂಪನಿಯ ಜೊತೆ ಸೇರಿ ನಮ್ಮ ಜಹೀರಾಬಾದಿನಲ್ಲೇ ಸಣ್ಣ ಲಾರಿಗಳನ್ನು ತಯಾರಿಸಿತು. ಆಮೇಲೆ ಆ ಕಾರ್ಖಾನೆ ಮಹೀಂದ್ರಾದ ಪಾಲಾಯಿತು.

ಇನ್ನು ಹೊಲಮನೆಗಳ ಗಾಡಿ. ಇಲ್ಲಿ ಮುಖ್ಯವಾದದ್ದು ಜೀಪು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ ಮೇಲೆ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದವುಗಳಲ್ಲಿ ಎಷ್ಟೋ ಹರಾಜಿಗೆ ಬಂದವು. 1949ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿದರು. ಹಾಗಾಗಿ ನಿಮ್ಮೂರಿನ ಜೀಪು ಯುದ್ಧದ್ದೋ ಮಹೀಂದ್ರಾದ್ದೋ ಎಂದು ತಿಳಿಯುವುದೇ ಹವ್ಯಾಸಿಯ ಮೊದಲ ಪಾಠ.

ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿರಿ. ಯುದ್ಧದ ಜೀಪಿಗೆ 9, ನಾಗರಿಕ ಜೀಪಿಗೆ 7. ಯುದ್ಧದ್ದರ ದೀಪಗಳು ಚಿಕ್ಕವು, ಜಾಲರಿಯ ಹಿಂದೆ ಅಡಗಿ ಕೂತಿರುತ್ತವೆ. ಅವನ್ನು ಹಿಂದಕ್ಕೆ ತಿರುಗಿಸಿ ರಾತ್ರಿ ಇಂಜಿನ್ ನೋಡಲು ಬರುತ್ತಿತ್ತು! ಹಿಂಬದಿಯಲ್ಲಿ ಬಿಚ್ಚುವ ಬಾಗಿಲಿದ್ದರೆ ಅದು ನಾಗರಿಕ ಜೀಪು. ಬಾನೆಟ್ಟು ಎತ್ತರವಾಗಿದ್ದರೆ ಮಹೀಂದ್ರಾ ದಶಕಗಟ್ಟಲೆ ಮಾಡಿದ ಮುಂದಿನ ಮಾದರಿ. ಯುದ್ಧದ್ದೇ ಎಂದು ಖಾತ್ರಿಯಾದರೆ ರೇಡಿಯೇಟರಿನ ಕೆಳಗೆ ಬಗ್ಗಿ ನೋಡಿರಿ: ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ವಿಲ್ಲೀಸ್, ಬೋರಲು ಹಾಕಿದ ದೋಣಿಯಂತಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟುಗಳ ತಲೆಯ ಮೇಲೂ "ಎಫ್" ಒತ್ತುತ್ತಿದ್ದರು. ಎರಡೂ ಕಂಪನಿಗಳ ಭಾಗ ಒಂದಕ್ಕೊಂದು ಹೊಂದುವುದರಿಂದ ನಮ್ಮ ಮಿಸ್ತ್ರಿಗಳು ಬೆರೆಸಿಬಿಟ್ಟಿರುತ್ತಾರೆ. ಆದ್ದರಿಂದ ಒಂದು ಬೋಲ್ಟನ್ನು ನಂಬಬೇಡಿರಿ. ಚಾಸಿಯ ನಂಬರನ್ನು ನಂಬಿರಿ.

1948ರ ಸೆಪ್ಟೆಂಬರಿನಲ್ಲಿ ಸೋಲಾಪುರದಿಂದ ಹೊರಟ ಭಾರತದ ಸೇನೆ ಹುಮನಾಬಾದ್ ದಾಟಿ 16ರಂದು ಜಹೀರಾಬಾದಿನ ಮೂಲಕವೇ ಮುಂದೆ ಸಾಗಿತು. "ಇದು ಪೊಲೀಸ್ ಆಕ್ಷನ್ನಿನಲ್ಲಿ ಬಂದ ಜೀಪು" ಎನ್ನುವ ಮಾತು ಹುಟ್ಟಿರುವುದು ಅಲ್ಲಿಂದ. ಇರಬಹುದು. ಆದರೆ ಕಾಗದವಿಲ್ಲದೆ ಅದನ್ನು ಒಪ್ಪುವುದು ಚರಿತ್ರೆಯಲ್ಲ, ಹರಟೆ.

ಕಾಗದದ ಮಾತು ಬಂತು ನೋಡಿರಿ, ನಿಜವಾದ ಗಂಟು ಇಲ್ಲಿದೆ. ಮನೆಯ ಪೆಟ್ಟಿಗೆಯಲ್ಲಿ ಸಿಗುವ ಹಳೆಯ ರಸೀದಿ ಉರ್ದುವಿನಲ್ಲಿರುತ್ತದೆ, ಏಕೆಂದರೆ ಆಗಿನ ಸರ್ಕಾರಿ ಭಾಷೆ ಅದು. ಅದರ ಮೇಲೆ 1356 ಎಂದು ಬರೆದಿದ್ದರೆ ಗಾಬರಿಯಾಗಬೇಡಿರಿ. ಅದು ಫಸಲಿ ವರ್ಷ. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ ಆಜರ್ ತಿಂಗಳಿಂದ ಶುರುವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ಅಂದರೆ 1356 ಎಂದರೆ 1946ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗೆ. ಬೆಲೆ ಹಾಲಿ ಸಿಕ್ಕಾದಲ್ಲಿದ್ದರೆ 7 ಸಿಕ್ಕಾಕ್ಕೆ 6 ಕಲದಾರ ರೂಪಾಯಿ ಎಂದು ಲೆಕ್ಕ ಹಾಕಿರಿ.

ಆಮೇಲೆ 1956 ಬಂತು. ಅಲ್ಲಿಯವರೆಗೆ ತಾಂಡೂರು, ಕೊಡಂಗಲ್ ತಾಲೂಕುಗಳು ಗುಲಬರ್ಗಾ ಜಿಲ್ಲೆಯವು. ಜಹೀರಾಬಾದ್, ನಾರಾಯಣಖೇಡ ಬೀದರದವು. ಆ ನವೆಂಬರ್ 1ರಂದು ಸೇಡಂ, ಚಿಂಚೋಳಿ ಮೈಸೂರು ರಾಜ್ಯಕ್ಕೆ ಹೋದವು, ತಾಂಡೂರು ಆಂಧ್ರಕ್ಕೆ ಬಂತು. ಇನ್ನು ಗಾಡಿಯ ಗತಿ ನೋಡಿರಿ. ತಾಂಡೂರು ಸೀಮೆಯಲ್ಲಿ ಒಂದೇ ಬೇವಿನ ಗಿಡದ ಕೆಳಗೆ ನಿಂತ ಜೀಪು ಮೊದಲು ಗುಲಬರ್ಗಾ ಜಿಲ್ಲೆಯದು, ಆಮೇಲೆ ಹೈದರಾಬಾದಿನದು, 1978ರಿಂದ ರಂಗಾರೆಡ್ಡಿಯದು, 2016ರಿಂದ ವಿಕಾರಾಬಾದಿನದು! ಅದೇ ಮನೆಯ ಬೀಗರು ಕಾಗಿಣಾ ನದಿಯ ಕೆಳಗಿನ ಸೇಡಂ ಸೀಮೆಯಲ್ಲಿದ್ದು, ಗಾಡಿ ಅವರ ಕೈಗೆ ಹೋಗಿ ಬಂದಿದ್ದರೆ ನಂಬರ್ ಪ್ಲೇಟಿನಲ್ಲಿ ಮೈಸೂರಿನ "ಎಂ ವೈ" ಅಕ್ಷರಗಳೂ ಸಿಗಬಹುದು. ಹೊಸ ಬಣ್ಣದ ಕೆಳಗೆ ಹಳೆಯ ಅಕ್ಷರ ಇನ್ನೂ ಇರುತ್ತದೆ. ನೀರಿನಲ್ಲಿ ನೆನೆಸಿದ ಮರಳು ಕಾಗದದಿಂದ ಒಂದೊಂದೇ ಪದರ ತೆಗೆಯಿರಿ, ಪ್ರತಿ ಪದರಕ್ಕೂ ಒಂದು ಫೋಟೋ ಹಿಡಿಯಿರಿ. ಸರಹದ್ದಿನ ಕನ್ನಡ ಮನೆಗಳು ಅತ್ತ ಇತ್ತ ಓಡಾಡಿದ ದಾಖಲೆ ಕಚೇರಿಯಲ್ಲಿ ಸಿಗುವುದಿಲ್ಲ, ಈ ತಗಡಿನ ಮೇಲೆ ಸಿಗುತ್ತದೆ. ಬಣ್ಣದ ಅಂಗಡಿಗೆ ಒಯ್ದು ಒಂದೇ ಏಟಿಗೆ ಕೆರೆಸಿಬಿಟ್ಟರೆ ಅದು ಮುಗಿಯಿತು.

ಕಾರುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಂಬಾಸಡರ್ ಎಂದು ಕರೆಸಿಕೊಳ್ಳುವ ಗಾಡಿ 1954ರ ಲ್ಯಾಂಡ್‌ಮಾಸ್ಟರ್ ಕೂಡ ಇರಬಹುದು, ಎರಡೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮಕ್ಕಳೇ. ಇಂಥ ಬ್ರಿಟಿಷ್ ಮಾದರಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಚಾಸಿಗೆ ಕೊಟ್ಟಿರುವುದುಂಟು. ತಿಳಿಯದೆ ತಂತಿ ಬದಲಿಸಿ ಡೈನಮೋ ಸುಡಬೇಡಿರಿ. ಯುದ್ಧದ ಜೀಪಿನದು 6 ವೋಲ್ಟು. ಇಂಜಿನ್ ಹಿಡಿದುಕೊಂಡಿದ್ದರೆ ಹ್ಯಾಂಡಲ್ ಹಾಕಿ ಬಲ ತೋರಿಸುವುದು ಬೇಡ. ಪ್ಲಗ್ಗು ಬಿಚ್ಚಿ ಸೀಮೆಎಣ್ಣೆ, ಇಂಜಿನ್ ಎಣ್ಣೆ ಬೆರೆಸಿ ಸುರಿದು ವಾರಗಟ್ಟಲೆ ಕಾಯಿರಿ.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಎರಡು ಅಥವಾ ನಾಲ್ಕು ಚಕ್ರದ ಗಾಡಿಯಾಗಿರಬೇಕು. ಚಾಸಿ, ಮೈ, ಇಂಜಿನ್ ಮೂಲರೂಪದಲ್ಲಿರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ "ವಿ ಎ" ಅಕ್ಷರಗಳು. ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನಾ ಸಂತೆಗೆ ಓಡಿಸುವಂತಿಲ್ಲ. ಅರ್ಜಿಯ ಜೊತೆ ಹಳೆಯ ಆರ್.ಸಿ. ಕೇಳುತ್ತಾರೆ. ನಮ್ಮಲ್ಲಿ ಜೀಪಿಗೆ ಅಗಲ ಟಯರು, ಹೊಸ ಡೀಸೆಲ್ ಇಂಜಿನ್ ಹಾಕಿಸಿ ಮೆರೆಯುವ ಚಟವಿದೆ. ನನ್ನ ಮಟ್ಟಿಗೆ ಅದು ಗುಜರಿಗೆ ಹಾಕುವುದಕ್ಕಿಂತ ಹೆಚ್ಚೇನೂ ಒಳ್ಳೆಯದಲ್ಲ. ಇನ್ನು ಚಾಸಿ ನಂಬರು ಅಳಿಸಿ ಬೇರೆ ಒತ್ತಿಸುವವರ ಬಳಿಗೆ ಹೋಗಲೇಬೇಡಿರಿ, ಅದು ಅಪರಾಧ.

ಆದ್ದರಿಂದ ತಕ್ಕಡಿಯವನು ಬಾಗಿಲಿಗೆ ಬಂದಾಗ "ನಾಳೆ ಬಾ" ಎಂದು ಕಳಿಸಿರಿ. ಅಜ್ಜನ ಕಬ್ಬಿಣದ ಪೆಟ್ಟಿಗೆ ತೆಗೆದು, ಉರ್ದು ಬಲ್ಲ ನೆರೆಯವರೊಬ್ಬರನ್ನು ಕೂರಿಸಿಕೊಂಡು, ಆ ಕಾಗದಗಳನ್ನು ಓದಿಸಿರಿ. ಆಮೇಲೆ ಒಂದು ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಹಿಡಿದು ಚಾಸಿಯ ಎಡ ಪಟ್ಟಿಯ ಮುಂತುದಿಯನ್ನು ಒರೆಸಿ ನೋಡಿರಿ. ಯುದ್ಧದ ಜೀಪಾದರೆ ನಂಬರು ಅಲ್ಲೇ ಇರಬೇಕು: ವಿಲ್ಲೀಸ್ ಆದರೆ ಒಳಬದಿಗೆ ಹೊಡೆದ ಸಣ್ಣ ಪಟ್ಟಿಯಲ್ಲಿ, ಫೋರ್ಡ್ ಆದರೆ ಕಬ್ಬಿಣದ ಮೇಲೆಯೇ.