ಅಕ್ಷರದ ಕೀಲಿಯಲ್ಲಿ ಸ್ವರ

ಪತ್ರ ಬರೆಯಲು, ಲೆಕ್ಕ ಇಡಲು, ರೈಲಿನ ಟಿಕೆಟ್ ಕಾದಿರಿಸಲು ಬಳಕೆಯಾಗುವ ಕಂಪ್ಯೂಟರಿನ ಕೀಲಿಮಣೆಗೆ ಇನ್ನೊಂದು ಉದ್ಯೋಗವೂ ಇದೆ. ಸಂಗೀತದ ತಂತ್ರಾಂಶವೊಂದನ್ನು ತೆರೆದು ಕೆಳಸಾಲಿನ ‘ಝಡ್’ ಕೀಲಿಯನ್ನು ಒತ್ತಿದರೆ ಪರದೆಯ ಮೇಲೆ ಅಕ್ಷರ ಮೂಡುವ ಬದಲು ಧ್ವನಿವರ್ಧಕದಿಂದ ಷಡ್ಜ ಹೊಮ್ಮುತ್ತದೆ. ‘ಎಕ್ಸ್’ ಒತ್ತಿದರೆ ರಿಷಭ, ‘ಸಿ’ ಒತ್ತಿದರೆ ಗಾಂಧಾರ. ಪಿಯಾನೋ, ಪಿಟೀಲು, ಕೊಳಲು, ಡ್ರಮ್ ಹೀಗೆ ಯಾವ ವಾದ್ಯದ ದನಿ ಬೇಕೋ ಅದನ್ನು ತಂತ್ರಾಂಶವೇ ಒದಗಿಸುತ್ತದೆ. ಸಂಗೀತಕ್ಕೆಂದೇ ತಯಾರಾದ, ಸಾವಿರಾರು ರೂಪಾಯಿ ಬೆಲೆಬಾಳುವ ಸಲಕರಣೆ ಇಲ್ಲದವರೂ ಹೀಗೆ ರಾಗ ಕಟ್ಟಬಲ್ಲರು.

ಇದು ವಾದ್ಯವಲ್ಲ, ಬರಿಯ ಆಟಿಕೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಅಕ್ಷರದ ಕೀಲಿಗೂ ಸ್ವರದ ಕೀಲಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆರಳಚ್ಚು ಯಂತ್ರವನ್ನು ರೂಪಿಸಹೊರಟವರು ಕೀಲಿಗಳ ಕಲ್ಪನೆಯನ್ನು ಎರವಲು ಪಡೆದದ್ದು ಪಿಯಾನೋದ ಬಳಗದಿಂದಲೇ. ಆ ಸಾಲ ಶತಮಾನ ಕಳೆದ ಮೇಲೆ ಸಂಗೀತಕ್ಕೆ ಮರಳಿ ಸಂದಾಯವಾಯಿತು. ಬಡ್ಡಿಯ ಜೊತೆಗೆ ಒಂದಿಷ್ಟು ನಷ್ಟವೂ ಬಂತು.

ಪಿಯಾನೋ ಕೊಟ್ಟ ಕೀಲಿ

ಹತ್ತೂ ಬೆರಳುಗಳಿಗೆ ಏಕಕಾಲಕ್ಕೆ ಕೆಲಸ ಕೊಡುವ, ಒಂದೊಂದು ಒತ್ತಿಗೆ ಒಂದೊಂದು ಫಲ ನೀಡುವ ಸಾಧನವೆಂದರೆ 1850ರ ಸುಮಾರಿಗೆ ಜನರಿಗೆ ಗೊತ್ತಿದ್ದುದು ಪಿಯಾನೋ, ಆರ್ಗನ್, ಹಾರ್ಪ್ಸಿಕಾರ್ಡ್‌ಗಳೇ. ಹಾಗಾಗಿ ಬರೆಯುವ ಯಂತ್ರದ ಕನಸು ಕಂಡವರ ಕಣ್ಣು ಸಹಜವಾಗಿ ಅತ್ತ ಹರಿಯಿತು. ಇಟಲಿಯ ನೊವಾರಾ ಪಟ್ಟಣದ ವಕೀಲ ಜ್ಯೂಸೆಪ್ಪೆ ರವಿಜ್ಜಾ 1855ರಲ್ಲಿ ಪೇಟೆಂಟ್ ಪಡೆದ ಯಂತ್ರದ ಹೆಸರು ‘ಚೆಂಬಲೋ ಸ್ಕ್ರಿವಾನೋ’. ಎಂದರೆ ಬರೆಯುವ ಹಾರ್ಪ್ಸಿಕಾರ್ಡ್. ಅಮೆರಿಕದ ಸ್ಯಾಮ್ಯುಯೆಲ್ ಫ್ರಾನ್ಸಿಸ್ 1857ರಲ್ಲಿ ಪೇಟೆಂಟ್ ಮಾಡಿಸಿದ ಯಂತ್ರಕ್ಕೂ ಪಿಯಾನೋ ಮಾದರಿಯ ಕೀಲಿಗಳಿದ್ದವು. 1856ರಲ್ಲಿ ಅಕ್ಷರ ಮುದ್ರಿಸುವ ಟೆಲಿಗ್ರಾಫ್‌ಗೆ ಪೇಟೆಂಟ್ ಪಡೆದ ಡೇವಿಡ್ ಎಡ್ವರ್ಡ್ ಹ್ಯೂಸ್ ಅಂತೂ ಮೂಲತಃ ಸಂಗೀತದ ಅಧ್ಯಾಪಕ. ಆತನ ಯಂತ್ರದಲ್ಲಿ ಕಪ್ಪು ಬಿಳುಪಿನ 28 ಕೀಲಿಗಳು ಸಾಲಾಗಿ ಕುಳಿತಿದ್ದವು. ತಂತಿ ಕಚೇರಿಯ ಗುಮಾಸ್ತ ಪಿಯಾನೋದ ಮುಂದೆ ಕುಳಿತವನಂತೆ ಕಾಣುತ್ತಿದ್ದ.

ಮುಂದೆ ಜಗತ್ತನ್ನೇ ವ್ಯಾಪಿಸಿದ ಬೆರಳಚ್ಚು ಯಂತ್ರದ ಮೂಲಪುರುಷ ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್. ಕಾರ್ಲೋಸ್ ಗ್ಲಿಡನ್ ಮತ್ತು ಸ್ಯಾಮ್ಯುಯೆಲ್ ಸೋಲೆ ಜೊತೆಗೂಡಿ ಆತ 1868ರಲ್ಲಿ ಪೇಟೆಂಟ್ ಪಡೆದ ಮಾದರಿಯ ಕೀಲಿಗಳೂ ಪಿಯಾನೋದವನ್ನೇ ಹೋಲುತ್ತಿದ್ದವು. ಆಮೇಲಿನ ಪ್ರಯೋಗಗಳಲ್ಲಿ ಉದ್ದನೆಯ ಕೀಲಿಗಳು ಹೋಗಿ ಗುಂಡಿಗಳು ಬಂದವು. ಒಂದೆರಡು ಸಾಲಿನ ಬದಲು ನಾಲ್ಕು ಸಾಲುಗಳಾದವು. ಬಂದೂಕು ತಯಾರಿಕೆಗೆ ಹೆಸರಾಗಿದ್ದ ರೆಮಿಂಗ್ಟನ್ ಸಂಸ್ಥೆ 1874ರಲ್ಲಿ ಈ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಪಿಯಾನೋದ ಚಹರೆ ಅಳಿಸಿಹೋಗಿತ್ತು. ಸಂಗೀತದ ಮನೆಯಿಂದ ಹೊರಟ ಕೀಲಿ ಕಚೇರಿಯ ಮೇಜನ್ನು ಸೇರಿತು.

ಓರೆ ಸಾಲಿನ ಗುಟ್ಟು

ಕಂಪ್ಯೂಟರಿನ ಕೀಲಿಮಣೆಯನ್ನು ಗಮನಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೇಲಿನ ಸಾಲಿನ ಕೀಲಿಗಳು ಕೆಳಸಾಲಿನ ಕೀಲಿಗಳ ನೇರಕ್ಕಿಲ್ಲ. ಪ್ರತಿ ಸಾಲೂ ತುಸು ಪಕ್ಕಕ್ಕೆ ಸರಿದಿದೆ. ಇದಕ್ಕೆ ಕಾರಣ ಹಳೆಯ ಬೆರಳಚ್ಚು ಯಂತ್ರದ ಒಳರಚನೆ. ಅದರಲ್ಲಿ ಪ್ರತಿ ಗುಂಡಿಯ ಕೆಳಗೂ ಉದ್ದನೆಯ ಲೋಹದ ಸನ್ನೆಯೊಂದಿರುತ್ತಿತ್ತು. ನಾಲ್ಕು ಸಾಲಿನ ಸನ್ನೆಗಳು ಒಂದಕ್ಕೊಂದು ತಾಗದೆ ಅಕ್ಕಪಕ್ಕ ಹಾಯಬೇಕಾದರೆ ಗುಂಡಿಗಳನ್ನು ಓರೆಯಾಗಿ ಜೋಡಿಸದೆ ಗತ್ಯಂತರವಿರಲಿಲ್ಲ. ಕಂಪ್ಯೂಟರಿನಲ್ಲಿ ಸನ್ನೆಗಳಿಲ್ಲ. ಆದರೂ ಬೆರಳುಗಳ ಅಭ್ಯಾಸಕ್ಕೆ ಮಣಿದು ಓರೆ ಸಾಲು ಹಾಗೆಯೇ ಉಳಿಯಿತು.

ಆ ಓರೆಯೇ ಸಂಗೀತಕ್ಕೆ ಒದಗಿಬಂತು. ‘ಎಸ್’ ಕೀಲಿ ಸರಿಯಾಗಿ ‘ಝಡ್’ ಮತ್ತು ‘ಎಕ್ಸ್’ ನಡುವೆ, ತುಸು ಮೇಲೆ ಕುಳಿತಿದೆ. ಪಿಯಾನೋ ಅಥವಾ ಹಾರ್ಮೋನಿಯಂನಲ್ಲಿ ಎರಡು ಬಿಳಿ ಕೀಲಿಗಳ ನಡುವೆ ಕಪ್ಪು ಕೀಲಿ ಇರುವುದೂ ಹೀಗೆಯೇ. ಆದ್ದರಿಂದ ಕೆಳಸಾಲಿನ ಝಡ್, ಎಕ್ಸ್, ಸಿ, ವಿ, ಬಿ, ಎನ್, ಎಂ ಏಳು ಬಿಳಿ ಕೀಲಿಗಳಾದವು. ಅವುಗಳ ಮೇಲಿನ ಎಸ್, ಡಿ, ಜಿ, ಎಚ್, ಜೆ ಐದು ಕಪ್ಪು ಕೀಲಿಗಳಾದವು. ಒಟ್ಟು ಹನ್ನೆರಡು ಸ್ವರಸ್ಥಾನ, ಒಂದು ಸ್ಥಾಯಿ. ಗಾಂಧಾರ ಮಧ್ಯಮಗಳ ನಡುವೆ ಪಿಯಾನೋದಲ್ಲಿ ಕಪ್ಪು ಕೀಲಿ ಇಲ್ಲ. ಹಾಗಾಗಿ ಇಲ್ಲಿ ‘ಎಫ್’ ಮೌನಿ. ಕ್ಯೂ ಇಂದ ಆರಂಭವಾಗುವ ಸಾಲು ಮತ್ತು ಅದರ ಮೇಲಿನ ಅಂಕಿಗಳ ಸಾಲು ಸೇರಿದರೆ ಇನ್ನೊಂದು ಸ್ಥಾಯಿ ಸಿದ್ಧ.

ಕರ್ನಾಟಕ ಸಂಗೀತ ಬಲ್ಲವರು ಇದನ್ನು ತಮ್ಮ ಲೆಕ್ಕದಲ್ಲೂ ಅರ್ಥಮಾಡಿಕೊಳ್ಳಬಹುದು. ‘ಝಡ್’ ಅನ್ನು ಷಡ್ಜವೆಂದು ಹಿಡಿದು ಕೆಳಸಾಲನ್ನು ಎಡದಿಂದ ಬಲಕ್ಕೆ ಒತ್ತುತ್ತಾ ಹೋದರೆ ಸಿಗುವುದು ಶಂಕರಾಭರಣದ ಸ್ವರಗಳು. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಪ್ರಾರಂಭಿಕ ಪಾಠಗಳ ಮಾಯಾಮಾಳವಗೌಳ ಬೇಕಿದ್ದರೆ ಝಡ್, ಎಸ್, ಸಿ, ವಿ, ಬಿ, ಎಚ್, ಎಂ ಒತ್ತಿದರೆ ಆಯಿತು.

ಇಲ್ಲಿ ಅಕ್ಷರಕ್ಕೂ ಸ್ವರಕ್ಕೂ ಅರ್ಥದ ಸಂಬಂಧವೇನೂ ಇಲ್ಲ ಎಂಬುದನ್ನು ಗಮನಿಸಬೇಕು. ಕನ್ನಡಿಗರಿಗೆ ಪರಿಚಿತವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ‘ಕ’, ‘ಜಿ’ ಒತ್ತಿದರೆ ‘ಗ’ ಮೂಡುತ್ತದೆ. ಅಲ್ಲಿ ಉಚ್ಚಾರದ ಹೋಲಿಕೆಯೇ ಆಧಾರ. ಸಂಗೀತದ ವಿನ್ಯಾಸಕ್ಕೆ ಕೀಲಿ ಇರುವ ಜಾಗವಷ್ಟೇ ಮುಖ್ಯ; ಅದರ ಮೇಲೆ ಏನು ಬರೆದಿದೆ ಎಂಬುದು ಲೆಕ್ಕಕ್ಕಿಲ್ಲ.

ಮಿಡಿ ಬಂತು, ಬೆಲೆಯೂ ಬಂತು

ಕಂಪ್ಯೂಟರಿನಿಂದ ಸಂಗೀತ ಹೊರಡಿಸುವ ಪ್ರಯತ್ನ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲಿ ಬರೆದ ತಂತ್ರಾಂಶ 17 ಸೆಕೆಂಡುಗಳ ಒಂದು ರಚನೆಯನ್ನು ನುಡಿಸಿತ್ತು. ಆದರೆ ಅದು ಕಾರ್ಡುಗಳಲ್ಲಿ ರಂಧ್ರ ಕೊರೆದು ಕಂಪ್ಯೂಟರಿಗೆ ಸೂಚನೆ ಉಣಿಸುತ್ತಿದ್ದ ಕಾಲ. ಬೆರಳು ಒತ್ತಿದ ಕ್ಷಣವೇ ಸ್ವರ ಕೇಳುವ ಭಾಗ್ಯ ಅಲ್ಲಿರಲಿಲ್ಲ.

ಸಂಗೀತಗಾರರಿಗೆ ಕಂಪ್ಯೂಟರ್ ಹತ್ತಿರವಾದದ್ದು 1983ರಲ್ಲಿ, ‘ಮಿಡಿ’ ಎಂಬ ಒಡಂಬಡಿಕೆಯಿಂದ. ಅಲ್ಲಿಯ ತನಕ ಒಂದು ಕಂಪನಿಯ ವಿದ್ಯುನ್ಮಾನ ವಾದ್ಯ ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತಾಡುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೋ ಕಾಕೆಹಾಶಿ ಮುಂದಾಳುತನದಲ್ಲಿ ಪ್ರತಿಸ್ಪರ್ಧಿ ಕಂಪನಿಗಳು ಒಂದು ಸಮಾನ ಭಾಷೆಗೆ ಒಪ್ಪಿದವು. ಆ ವರ್ಷದ ಜನವರಿಯಲ್ಲಿ ಅಮೆರಿಕದ ವಾದ್ಯಮೇಳವೊಂದರಲ್ಲಿ ಇಬ್ಬರ ಕಂಪನಿಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಮಿಡಿ ತಂತಿಯಲ್ಲಿ ಹರಿಯುವುದು ನಾದವಲ್ಲ, ಸೂಚನೆ. ಯಾವ ಕೀಲಿ ಒತ್ತಲಾಯಿತು, ಎಷ್ಟು ರಭಸದಿಂದ, ಯಾವಾಗ ಬಿಡಲಾಯಿತು ಎಂಬ ವಿವರವಷ್ಟೇ. ಈ ಸಾಧನೆಗಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ವಿಭಾಗದ ಗ್ರ್ಯಾಮಿ ಸಂದಿತು.

ಮಿಡಿಯ ಲಾಭ ಪಡೆಯಲು ಮಿಡಿ ಕೀಲಿಮಣೆ ಬೇಕು. ಅದೇ ವರ್ಷ ಬಂದ, ಭಾರೀ ಜನಪ್ರಿಯವಾದ ಯಮಹಾ ಡಿಎಕ್ಸ್7 ವಾದ್ಯದ ಬೆಲೆ 1,995 ಡಾಲರ್. ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದ, ಕೈಯಲ್ಲಿ ಕಾಸಿಲ್ಲದ ಹದಿಹರೆಯದವರಿಗೆ ಅದು ಎಟುಕುವ ಮಾತಾಗಿರಲಿಲ್ಲ. ಅವರಿಗೆ ದಾರಿ ತೆರೆದದ್ದು ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ 1987ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ರಚಿಸಿದ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’. ಅಮಿಗಾದ ಧ್ವನಿ ಚಿಪ್ಪಿಗೆ ಏಕಕಾಲಕ್ಕೆ ನಾಲ್ಕು ದನಿ ಹೊರಡಿಸುವ ಶಕ್ತಿ ಇತ್ತು. ಒಬಾರ್ಸ್ಕಿ ಪರದೆಯ ಮೇಲೆ ನಾಲ್ಕು ಕಂಬಸಾಲು ಎಳೆದು, ಒಂದೊಂದರಲ್ಲೂ ಸ್ವರಗಳನ್ನು ಮೇಲಿಂದ ಕೆಳಕ್ಕೆ ದಾಖಲಿಸುವ ವ್ಯವಸ್ಥೆ ಮಾಡಿದ. ಸ್ವರ ತುಂಬಲು ಕಂಪ್ಯೂಟರಿನ ಕೀಲಿಮಣೆಯೇ ಸಾಕಾಗಿತ್ತು.

‘ಟ್ರ್ಯಾಕರ್’ ಎಂಬ ಹೆಸರಿನಲ್ಲಿ ಇಂಥ ತಂತ್ರಾಂಶಗಳ ಒಂದು ವಂಶವೇ ಬೆಳೆಯಿತು. 1994ರಲ್ಲಿ ಸ್ವೀಡನ್ನಿನಿಂದ ‘ಫಾಸ್ಟ್‌ಟ್ರ್ಯಾಕರ್ 2’, 1995ರಲ್ಲಿ ಆಸ್ಟ್ರೇಲಿಯದಿಂದ ‘ಇಂಪಲ್ಸ್ ಟ್ರ್ಯಾಕರ್’ ಬಂದವು. ಹವ್ಯಾಸಿ ತರುಣರು ಬಿಡುವಿನ ವೇಳೆಯಲ್ಲಿ ಬರೆದ ತಂತ್ರಾಂಶಗಳಿವು. ಟ್ರ್ಯಾಕರ್ ಕಡತದಲ್ಲಿ ಸ್ವರಗಳ ಜೊತೆಗೆ ವಾದ್ಯದ ದನಿಗಳೂ ಅಡಕವಾಗಿರುತ್ತಿದ್ದವು. ಒಬ್ಬನ ರಚನೆಯನ್ನು ಇನ್ನೊಬ್ಬ ತೆರೆದರೆ ಕೇಳುವುದಷ್ಟೇ ಅಲ್ಲ, ಅದನ್ನು ಹೇಗೆ ಕಟ್ಟಲಾಗಿದೆ ಎಂಬುದನ್ನು ಸಾಲು ಸಾಲಾಗಿ ನೋಡಬಹುದಿತ್ತು. ಸಂಗೀತ ಶಾಲೆಯ ಮೆಟ್ಟಿಲು ಹತ್ತದವರಿಗೆ ಇದೇ ಪಾಠಶಾಲೆಯಾಯಿತು. 1998ರ ‘ಅನ್‌ರಿಯಲ್’ ಮತ್ತು 2000ದ ‘ಡ್ಯೂಸ್ ಎಕ್ಸ್’ ಎಂಬ ಹೆಸರಾಂತ ಕಂಪ್ಯೂಟರ್ ಆಟಗಳ ಸಂಗೀತವೂ ಇದೇ ಟ್ರ್ಯಾಕರ್ ಪದ್ಧತಿಯದು.

ಇನ್ನೊಂದೆಡೆ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ‘ವಿಎಸ್‌ಟಿ’ ಎಂಬ ವ್ಯವಸ್ಥೆ ತಂದು, 1999ರಲ್ಲಿ ಅದನ್ನು ವಿಸ್ತರಿಸಿತು. ಅದರಿಂದ ಇಡೀ ವಾದ್ಯವೇ ತಂತ್ರಾಂಶದ ರೂಪದಲ್ಲಿ ಕಂಪ್ಯೂಟರಿನೊಳಗೆ ಕೂರುವಂತಾಯಿತು. ಬೆಲ್ಜಿಯಂನ ‘ಫ್ರೂಟಿಲೂಪ್ಸ್’ 2003ರಲ್ಲಿ ‘ಎಫ್‌ಎಲ್ ಸ್ಟುಡಿಯೋ’ ಎಂದು ಹೆಸರು ಬದಲಿಸಿಕೊಂಡಿತು. 2004ರಲ್ಲಿ ಆ್ಯಪಲ್ ಕಂಪನಿಯ ‘ಗ್ಯಾರೇಜ್‌ಬ್ಯಾಂಡ್’ ಬಂತು. ಎಫ್‌ಎಲ್ ಸ್ಟುಡಿಯೋದಲ್ಲಿ ಹಳೆಯ ಟ್ರ್ಯಾಕರ್ ವಿನ್ಯಾಸವೇ ಮುಂದುವರಿದರೆ, ಗ್ಯಾರೇಜ್‌ಬ್ಯಾಂಡ್‌ನಲ್ಲಿ ‘ಎ’ ಇಂದ ತೊಡಗುವ ನಡುಸಾಲು ಬಿಳಿ ಕೀಲಿಗಳಾಗಿ, ಅದರ ಮೇಲಿನ ಸಾಲು ಕಪ್ಪು ಕೀಲಿಗಳಾಗಿ ಕೆಲಸ ಮಾಡುತ್ತದೆ.

ಸ್ಪರ್ಶದ ನಷ್ಟ

ಇಷ್ಟಾದರೂ ಅಕ್ಷರದ ಕೀಲಿ ಸ್ವರದ ಕೀಲಿಗೆ ಸಾಟಿಯಲ್ಲ. ಮುಖ್ಯ ಕೊರತೆ ಸ್ಪರ್ಶದ್ದು. ಪಿಯಾನೋದ ಹೆಸರಿನಲ್ಲೇ ಅದರ ಹಿರಿಮೆ ಇದೆ. ಇಟಲಿಯ ಬಾರ್ತೊಲೊಮಿಯೋ ಕ್ರಿಸ್ಟೊಫೊರಿ 1700ರ ಹೊತ್ತಿಗೆ ಫ್ಲಾರೆನ್ಸಿನಲ್ಲಿ ರೂಪಿಸಿದ ಈ ವಾದ್ಯವನ್ನು ‘ಪಿಯಾನೋ ಎ ಫೋರ್ಟೆ’, ಅಂದರೆ ಮೆಲುದನಿ ಮತ್ತು ಬಿರುದನಿಯ ವಾದ್ಯ ಎಂದು ಕರೆಯಲಾಯಿತು. ಅದಕ್ಕೆ ಹಿಂದಿನ ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನು ಹೇಗೆ ಒತ್ತಿದರೂ ದನಿ ಹೆಚ್ಚುಕಡಿಮೆ ಒಂದೇ. ಪಿಯಾನೋದಲ್ಲಿ ಬೆರಳಿನ ಭಾವ ತಂತಿಗೆ ಮುಟ್ಟುತ್ತದೆ.

ಮಿಡಿ ಕೀಲಿಮಣೆ ಈ ಗುಣವನ್ನು ಜಾಣತನದಿಂದ ಉಳಿಸಿಕೊಂಡಿತು. ಸಾಮಾನ್ಯವಾಗಿ ಅದರ ಪ್ರತಿ ಕೀಲಿಯ ಕೆಳಗೆ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ. ಮೊದಲನೆಯದು ಕೂಡಿ ಎರಡನೆಯದು ಕೂಡುವ ತನಕ ಹಿಡಿದ ಕಾಲವನ್ನು ಅಳೆದು, ಒತ್ತಿನ ರಭಸವನ್ನು 1ರಿಂದ 127ರ ವರೆಗಿನ ಅಂಕಿಯಾಗಿ ಕಳಿಸಲಾಗುತ್ತದೆ. ಕಂಪ್ಯೂಟರಿನ ಸಾಮಾನ್ಯ ಕೀಲಿಗೆ ಇರುವುದು ಒಂದೇ ಸಂಪರ್ಕ. ಒತ್ತಿದೆ ಅಥವಾ ಒತ್ತಿಲ್ಲ, ಎರಡೇ ಉತ್ತರ. ಜೋಗುಳವಾಗಲಿ ರಣಗೀತೆಯಾಗಲಿ ಅದಕ್ಕೆ ಒಂದೇ ಸಮ. ಗ್ಯಾರೇಜ್‌ಬ್ಯಾಂಡ್‌ನಂಥ ತಂತ್ರಾಂಶಗಳಲ್ಲಿ ರಭಸ ಏರಿಸಲು, ಇಳಿಸಲು ಬೇರೆ ಎರಡು ಕೀಲಿಗಳನ್ನು ಮೀಸಲಿಡಲಾಗಿದೆ. ಹೆಚ್ಚಿನವರು ಮೊದಲು ಸ್ವರಗಳನ್ನು ದಾಖಲಿಸಿಕೊಂಡು, ಆಮೇಲೆ ಒಂದೊಂದರ ಏರಿಳಿತವನ್ನು ಪರದೆಯ ಮೇಲೆ ತಿದ್ದುತ್ತಾರೆ.

ಎರಡನೆಯ ತೊಡಕು ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವಾಗಿನದು. ವೆಚ್ಚ ಉಳಿಸಲು ಕೀಲಿಮಣೆಯ ತಂತಿಗಳನ್ನು ಅಡ್ಡ ಉದ್ದ ಜಾಲರಿಯಂತೆ ಹೆಣೆಯಲಾಗುತ್ತದೆ. ಜಾಲರಿಯ ಒಂದು ಚೌಕದ ಮೂರು ಮೂಲೆಯ ಕೀಲಿಗಳು ಒಟ್ಟಿಗೆ ಒತ್ತಿಕೊಂಡರೆ, ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಈ ಗೊಂದಲ ತಪ್ಪಿಸಲು ಅನೇಕ ಕೀಲಿಮಣೆಗಳು ಅಂಥ ಮೂರನೆಯ ಕೀಲಿಯನ್ನೇ ತಳ್ಳಿಹಾಕುತ್ತವೆ. ಟೈಪು ಮಾಡುವವರಿಗೆ ಇದು ತಿಳಿಯುವುದೇ ಇಲ್ಲ. ಸ್ವರಮೇಳ ನುಡಿಸುವವರಿಗೆ ಮಾತ್ರ ಒಂದು ಸ್ವರ ನುಂಗಿಹೋದದ್ದು ಥಟ್ಟನೆ ಕೇಳುತ್ತದೆ. ಒತ್ತಿದ್ದಕ್ಕೂ ದನಿ ಕೇಳುವುದಕ್ಕೂ ನಡುವಿನ ವಿಳಂಬ ಮೂರನೆಯ ತೊಡಕು. ಸೆಕೆಂಡಿನ ನೂರನೆಯ ಒಂದು ಭಾಗದಷ್ಟಾದರೆ ಮೂರು ಮೀಟರಿನಾಚೆ ಇರುವ ವಾದ್ಯವನ್ನು ಕೇಳಿದಂತಷ್ಟೇ. ಅದರ ಹಲವು ಪಟ್ಟಾದರೆ ತಾಳ ತಪ್ಪುತ್ತದೆ.

ಹಾರ್ಮೋನಿಯಂನ ಸಾಕ್ಷಿ

ನಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಆಕ್ಷೇಪವೊಂದಿದೆ. ಸ್ವರದಿಂದ ಸ್ವರಕ್ಕೆ ಜಾರುವ, ಒಂದೇ ಸ್ವರವನ್ನು ತೂಗುವ ಗಮಕವಿಲ್ಲದೆ ರಾಗವಿಲ್ಲ. ಬಿಡಿ ಬಿಡಿ ಕೀಲಿಗಳಲ್ಲಿ ಅದನ್ನು ತರುವುದೆಂತು? ಈ ಪ್ರಶ್ನೆಯನ್ನು ಕಂಪ್ಯೂಟರಿಗಿಂತ ಬಹಳ ಮೊದಲೇ ಎದುರಿಸಿದ್ದು ಹಾರ್ಮೋನಿಯಂ. ಯುರೋಪಿನಿಂದ ಬಂದ ಈ ವಾದ್ಯ ನಮ್ಮ ರಾಗಗಳಿಗೆ ಒಗ್ಗದು ಎಂಬ ವಾದ ಬಲವಾಗಿ, 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾಗಲು ಮೂರು ದಶಕ ಹಿಡಿಯಿತು.

ಅಷ್ಟರಲ್ಲಿ ಹಾರ್ಮೋನಿಯಂ ಕಂಪನಿ ನಾಟಕಗಳ ರಂಗವನ್ನೂ ಹಳ್ಳಿಯ ಭಜನೆಯ ಕಟ್ಟೆಯನ್ನೂ ಸೇರಿಯಾಗಿತ್ತು. ಬೆಳಗಾವಿಯ ಪಂಡಿತ್ ರಾಮಭಾವು ಬಿಜಾಪುರೆ ಅವರಂಥವರು ಅದೇ ಬಿಡಿ ಕೀಲಿಗಳಿಂದ ಶಾಸ್ತ್ರೀಯ ಸಂಗೀತ ನುಡಿಸಿ ರಸಿಕರನ್ನು ಒಲಿಸಿದರು. ವಾದ್ಯದ ಮಿತಿ ಸುಳ್ಳಾಗಿರಲಿಲ್ಲ. ಆದರೆ ಒತ್ತಿದೊಡನೆ ಶ್ರುತಿಶುದ್ಧವಾದ ಸ್ವರ ಕೊಟ್ಟು, ವೀಣೆ ಪಿಟೀಲುಗಳ ದೀರ್ಘ ಸಾಧನೆಗೆ ಅವಕಾಶವಿಲ್ಲದವರನ್ನೂ ಸಂಗೀತದ ಹೊಸಿಲು ದಾಟಿಸಿದ ಅದರ ಉಪಕಾರವೂ ಸುಳ್ಳಾಗಿರಲಿಲ್ಲ.

ಕಂಪ್ಯೂಟರಿನ ಕೀಲಿಮಣೆಯನ್ನೂ ಹೀಗೆಯೇ ತೂಗಬೇಕಾಗುತ್ತದೆ. ಕಛೇರಿಯ ವೇದಿಕೆಗೆ ಅದು ತಕ್ಕ ವಾದ್ಯವಲ್ಲ. ಅದರ ಮೇಲೆ ಕಲಿತವರಲ್ಲಿ ಹಲವರು ಕೈಯಲ್ಲಿ ಕಾಸಾಡಿದ ಕೂಡಲೇ ಮಿಡಿ ಕೀಲಿಮಣೆ ಕೊಳ್ಳುತ್ತಾರೆ. ಆದರೆ ತಲೆಯಲ್ಲಿ ರಾಗವೊಂದು ಸುಳಿದು, ಕೈಯಲ್ಲಿ ಬೇರಾವ ವಾದ್ಯವೂ ಇಲ್ಲದವರಿಗೆ ಅದು ಈಗಾಗಲೇ ಮೇಜಿನ ಮೇಲಿದೆ. ವಾದ್ಯವೊಂದನ್ನು ಅಳೆಯುವಾಗ ಅದರಿಂದ ಎಂಥ ಸಂಗೀತ ಹೊರಡುತ್ತದೆ ಎಂದು ಕೇಳುವ ಜೊತೆಗೆ, ಅದು ಯಾರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ ಎಂದೂ ಕೇಳಬೇಕು.